ದಾವಣಗೆರೆಯಿಂದ ಮನಾಲಿಗೆ ಚಳಿಗಾಲದಲ್ಲಿ ಸ್ವಂತ ಗಾಡಿ: ಟಯರ್ ಚೈನ್ ಕೊಳ್ಳುವುದು, ಕಟ್ಟುವುದು

ದಾವಣಗೆರೆಯಿಂದ ಮನಾಲಿಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಅಷ್ಟು ದೂರದಲ್ಲಿ, ಹಿಮದಲ್ಲಿ ಜಾರದಂತೆ ಟಯರಿಗೆ ಸುತ್ತುವ ಚೈನ್ ಬೇಕಾಗುವುದು ಕೊನೆಯ ಮೂವತ್ತು-ನಲವತ್ತು ಕಿಲೋಮೀಟರಿನೊಳಗೆ, ಅದೂ ಹಿಮ ಬಿದ್ದಿದ್ದರೆ ಮಾತ್ರ. ಮನಾಲಿ ದಾಟಿ ನೆಹರೂ ಕುಂಡ್, ಸೋಲಂಗ್, ಧುಂಡಿ, ಅಟಲ್ ಸುರಂಗ, ಸುರಂಗದಾಚೆ ಸಿಸ್ಸು. ಹಿಮ ಬಿದ್ದ ದಿನ ಪೊಲೀಸರು ಗಾಡಿ ನಿಲ್ಲಿಸುವುದೂ ಈ ದಾರಿಯಲ್ಲೇ. ಫೋರ್ ವ್ಹೀಲ್ ಡ್ರೈವ್ ಇರಬೇಕು, ಇಲ್ಲವೇ ಚೈನ್ ಇರಬೇಕು. ಹಿಮ ಜಾಸ್ತಿಯಾದರೆ ಎರಡೂ ಇದ್ದವರನ್ನಷ್ಟೇ ಬಿಡುತ್ತಾರೆ. ಕಾಶ್ಮೀರಕ್ಕೆ ಹೋಗುವವರಿಗೆ ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಏರುವ ಘಾಟಿಯಲ್ಲೂ ಇದೇ ಕಥೆ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾವಣಗೆರೆಯವರು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52. ಚಿತ್ರದುರ್ಗದವರಿಗೆ ಹೊಸಪೇಟೆ, ಇಳಕಲ್ ಮೇಲೆ ಹೋಗಿ ವಿಜಯಪುರದಲ್ಲಿ ಅದೇ 52ನ್ನು ಸೇರುವುದು ಹತ್ತಿರ. ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ, ಹಿಸಾರ್ ದಾಟಿ ಪಂಜಾಬಿನ ಸಂಗ್ರೂರಿನವರೆಗೆ ಒಂದೇ ಹೆದ್ದಾರಿ. ದೆಹಲಿಯ ಟ್ರಾಫಿಕ್ಕು ತಪ್ಪುತ್ತದೆ. ಮುಂದೆ ಕೀರತ್‌ಪುರ, ಬಿಲಾಸ್‌ಪುರ, ಮಂಡಿ, ಕುಲ್ಲು.

ಚೈನ್ ಕೊಳ್ಳುವ ಕೆಲಸ ಹೊರಡುವ ಮೂರು ವಾರ ಮೊದಲೇ ಆಗಬೇಕು. ನಮ್ಮ ಕಡೆ ಹಿಮವೇ ಇಲ್ಲದಿರುವಾಗ ಬಿಡಿಭಾಗದ ಅಂಗಡಿಗಳು ಇದನ್ನು ಇಟ್ಟುಕೊಂಡು ಕೂರುವುದಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತದೆ ನಿಜ. ಆದರೆ ಹಿಮ ಬಿದ್ದ ಬೆಳಿಗ್ಗೆ ಎಲ್ಲರೂ ಅದನ್ನೇ ಕೇಳುತ್ತಿರುತ್ತಾರೆ. ಉಳಿದದ್ದರಲ್ಲಿ ನಿಮ್ಮ ಟಯರಿನ ಅಳತೆಯದ್ದು ಇರುತ್ತದೆ ಎಂಬ ಖಾತ್ರಿಯಿಲ್ಲ, ಇದ್ದರೂ ಅದರ ಕೊಂಡಿಗಳು ಸವೆದಿರುತ್ತವೆ.

ಅಳತೆ ನೋಡುವುದು ಟಯರಿನ ಪಕ್ಕದ ಬರಹದಲ್ಲಿ, ಗಾಡಿಯ ಹೆಸರಿನಲ್ಲಲ್ಲ. ಎರ್ಟಿಗಾಕ್ಕೆ 185/65 ಆರ್15, ಬೊಲೆರೊಗೆ 215/75 ಆರ್15. ಕ್ರೆಟಾದಲ್ಲಿ ಮಾಡೆಲ್ ನೋಡಿಕೊಂಡು 205/65 ಆರ್16 ಅಥವಾ 215/60 ಆರ್17. ಈ ಮೂರೂ ಅಂಕಿಗಳು ಚೈನಿನ ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ ಕೂಡಬೇಕು. "15 ಇಂಚಿನ ಎಲ್ಲಾ ಗಾಡಿಗೂ ಆಗುತ್ತದೆ" ಎಂದು ಬರೆದದ್ದನ್ನು ಬಿಟ್ಟುಬಿಡಿ. 15 ಇಂಚಿನ ರಿಮ್ಮಿನ ಮೇಲೆ ಎರ್ಟಿಗಾ ಟಯರೂ ಕೂರುತ್ತದೆ, ಅದಕ್ಕಿಂತ ಎಷ್ಟೋ ದಪ್ಪದ ಬೊಲೆರೊ ಟಯರೂ ಕೂರುತ್ತದೆ. ಕಂಪನಿಯ ಟಯರ್ ತೆಗೆಸಿ ಅಲಾಯ್ ಜೊತೆ ಅಗಲದ್ದು ಹಾಕಿಸಿಕೊಂಡವರು ಈಗ ಚಕ್ರದಲ್ಲಿರುವ ಅಳತೆಯನ್ನೇ ಓದಬೇಕು. ನುಣ್ಣಗೆ ಸವೆದ ಟಯರಿಗೆ ಸರಿಯಾದ ಅಳತೆಯ ಚೈನೂ ಸಡಿಲವಾಗುತ್ತದೆ. ಅಂಥ ಟಯರಿನಲ್ಲಿ ಹಿಮದ ಮೇಲೆ ಹೋಗಲೂ ಬಾರದು ಅನ್ನಿ.

ಅಳತೆಗಿಂತ ಹೆಚ್ಚು ಜನ ಮರೆಯುವುದು ಟಯರಿನ ಹಿಂದಿನ ಸಂದು. ಟಯರಿನ ಒಳಮುಖಕ್ಕೂ ಸಸ್ಪೆನ್ಶನ್ನಿನ ಕಂಬಕ್ಕೂ ನಡುವೆ, ಟಯರಿನ ಮೇಲ್ಮೈಗೂ ಮಡ್‌ಗಾರ್ಡಿಗೂ ನಡುವೆ ಚೈನ್ ಓಡಾಡಲು ಜಾಗ ಬೇಕು. ಸಂದು ಕಡಿಮೆ ಇರುವ ಕಾರುಗಳಿಗೆಂದು ಇರುವ ಕ್ಲಾಸ್ ಎಸ್ ಮಾದರಿಗೂ ಟಯರಿನ ಮೇಲೆ 37 ಮಿ.ಮೀ., ಒಳಬದಿಯಲ್ಲಿ 15 ಮಿ.ಮೀ. ಜಾಗ ಇರಲೇಬೇಕು. ಸ್ಟಿಯರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿಟ್ಟು, ಎಂಜಿನ್ ಆರಿಸಿ, ಒಳಗೆ ಕೈ ಹಾಕಿ ನೋಡಿ. ತೋರುಬೆರಳು ಸಲೀಸಾಗಿ ತೂರದಿದ್ದರೆ ಆ ಟಯರಿಗೆ ಕಬ್ಬಿಣದ ಚೈನ್ ಬೇಡ. ಬ್ರೇಕ್ ಹೋಸ್, ಎಬಿಎಸ್ ಸೆನ್ಸರಿನ ವೈರ್ ಇರುವುದು ಅಲ್ಲೇ. ಸಡಿಲ ಚೈನ್ ಮೊದಲು ಕಡಿಯುವುದೂ ಅವನ್ನೇ. ಕೆಲವು ಗಾಡಿಗಳ ಕೈಪಿಡಿಯಲ್ಲಿ ಇಂತಿಂಥ ಅಳತೆಯ ಟಯರಿಗೆ ಚೈನ್ ಹಾಕಬಾರದು ಎಂದೇ ಬರೆದಿರುತ್ತದೆ. ಆ ಪುಟ ಓದದೆ ದುಡ್ಡು ಕೊಡಬೇಡಿ.

ಚೈನುಗಳಲ್ಲಿ ಏಣಿ ಮಾದರಿ ಅಗ್ಗ. ಟಯರಿಗೆ ಅಡ್ಡಲಾಗಿ ಸಾಲು ಸರಪಳಿ ಇರುತ್ತದೆ. ನೇರ ದಾರಿಯಲ್ಲಿ ಏರಲು ಅಡ್ಡಿಯಿಲ್ಲ, ತಿರುವಿನಲ್ಲಿ ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಸೋಲಂಗ್ ದಾರಿಯೋ ಬರೀ ತಿರುವು. ವಜ್ರಾಕಾರದ ಬಲೆಯಂತೆ ಹೆಣೆದ ಮಾದರಿಯಲ್ಲಿ ಯಾವುದಾದರೊಂದು ಕೊಂಡಿ ಸದಾ ನೆಲ ಕಚ್ಚಿರುತ್ತದೆ, ಕುಲುಕಾಟವೂ ಕಡಿಮೆ. ಕಾರಿಗೆ 9 ಮಿ.ಮೀ. ದಪ್ಪದ್ದು, ಭಾರದ ಎಸ್‌ಯುವಿಗೆ ಸಂದು ಇದ್ದರೆ 12 ಮಿ.ಮೀ. ದಪ್ಪದ್ದು ಕೊಳ್ಳಿ. ಪ್ಲಾಸ್ಟಿಕ್ ಪಟ್ಟಿಗಳ ಬಗ್ಗೆ ನಮ್ಮ ಅಭಿಪ್ರಾಯ ಒಳ್ಳೆಯದಲ್ಲ. ಹೂತ ಗಾಡಿಯನ್ನು ಹತ್ತು ಮಾರು ಈಚೆ ತರಲು ಸಾಕು, ಹತ್ತು ಕಿಲೋಮೀಟರ್ ಘಾಟಿಗೆ ಸಾಲದು; ಕೊರೆಯುವ ಚಳಿಗೆ ಬಿರುಸಾಗಿ ಬಕಲ್ ಬಳಿಯೇ ತುಂಡಾಗುತ್ತವೆ. ಅವು ರಿಮ್ಮಿನ ತೂತಿನೊಳಗಿಂದ ಹಾಯಬೇಕು. ಸಣ್ಣ ತೂತಿನ ಸ್ಟೀಲ್ ರಿಮ್ಮಿಗೆ ಆಗುವುದೂ ಇಲ್ಲ, ಆದರೂ ಬ್ರೇಕ್ ಕ್ಯಾಲಿಪರಿಗೆ ತಾಗುವ ಭಯ. ಬಟ್ಟೆಯ ಚೀಲದಂಥವು ಸಂದು ಇಲ್ಲದ ಕಾರುಗಳಿಗೆ ಒಂದು ದಾರಿ, ಡಾಂಬರು ಸಿಕ್ಕರೆ ಬೇಗ ಹರಿಯುತ್ತವೆ. ಇನ್ನು ಲಾರಿಯ ಹಗ್ಗ, ಗಾಡಿ ಎಳೆಯುವ ಸರಪಳಿಯನ್ನು ಚಕ್ರಕ್ಕೆ ಸುತ್ತುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ.

ಎಂಜಿನ್ ತಿರುಗಿಸುವ ಚಕ್ರಗಳಿಗೇ ಚೈನ್. ಎರ್ಟಿಗಾ, ಸ್ವಿಫ್ಟ್, ಕ್ರೆಟಾಗಳಿಗೆ ಮುಂದೆ. ಬೊಲೆರೊ, ಇನ್ನೋವಾ ಕ್ರಿಸ್ಟಾಗಳಿಗೆ ಹಿಂದೆ. ಒಂದೇ ಚಕ್ರಕ್ಕೆ ಹಾಕಿದರೆ, ಎರಡೂ ಬದಿಯ ಚಕ್ರಕ್ಕೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಶಿಯಲ್ ಶಕ್ತಿಯನ್ನೆಲ್ಲ ಜಾರುವ ಚಕ್ರಕ್ಕೇ ಬಿಡುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎರಡಕ್ಕೇ ಹಾಕಿದಾಗಲೂ ಇಳಿಜಾರಿನಲ್ಲಿ ಕೊರತೆ ಇದ್ದೇ ಇದೆ: ಮುಂದಿನ ಚಕ್ರಕ್ಕೆ ಮಾತ್ರ ಹಾಕಿದ ಕಾರು ಬ್ರೇಕ್ ಒತ್ತಿದರೆ ಹಿಂಭಾಗ ಅಡ್ಡ ತಿರುಗುತ್ತದೆ, ಹಿಂದಿನ ಚಕ್ರಕ್ಕೆ ಮಾತ್ರ ಹಾಕಿದ ಬೊಲೆರೊ ಸ್ಟಿಯರಿಂಗ್ ಮಾತು ಕೇಳದೆ ನೇರ ಹೋಗುತ್ತದೆ. ಏಳೆಂಟು ಜನ ತುಂಬಿದ ಹಿಂಚಕ್ರದ ಗಾಡಿಗೆ ಎರಡು ಜೊತೆ, ಅಂದರೆ ನಾಲ್ಕೂ ಚಕ್ರಕ್ಕೆ ಕೊಳ್ಳುವುದು ಲೇಸು. ಥಾರ್‌ನಂಥ ಫೋರ್ ವ್ಹೀಲ್ ಗಾಡಿಗೂ ನಾಲ್ಕಾದರೆ ಉತ್ತಮ. ಒಂದೇ ಜೊತೆ ಇದ್ದರೆ ಕೈಪಿಡಿ ಹೇಳಿದ ಆಕ್ಸಲ್ಲಿಗೆ ಹಾಕಿ.

ಚೈನ್ ಮನೆಗೆ ಬಂದ ದಿನವೇ ಅಂಗಳದಲ್ಲಿ ಕಟ್ಟಿ ನೋಡಿ. ಸಾಧ್ಯವಾದರೆ ಜಗಳೂರು, ಚಳ್ಳಕೆರೆ ಕಡೆಯ ಎರೆಹೊಲದ ಬದಿಯ ಹಸಿ ಮಣ್ಣಿನ ದಾರಿಯಲ್ಲಿ ನೂರು ಮೀಟರ್ ಓಡಿಸಿ. ಚಕ್ರ ನಿಂತಲ್ಲೇ ಸುತ್ತುವುದು, ಎಕ್ಸಲರೇಟರ್ ತುಳಿದಷ್ಟೂ ಹೂಳುವುದು ಹಿಮದಲ್ಲೂ ಎರೆಯಲ್ಲೂ ಒಂದೇ ಥರ. ಡಾಂಬರಿನ ಮೇಲೆ ಮಾತ್ರ ಪ್ರಯೋಗ ಬೇಡ. ಎರಡು ಸಲ ಕಟ್ಟಿ ಬಿಚ್ಚಿದರೆ ಕೈಗೆ ರೂಢಿಯಾಗುತ್ತದೆ. ಮನೆಯಲ್ಲಿ ಒಂದು ಚಕ್ರಕ್ಕೆ ಹತ್ತು ನಿಮಿಷ ಹಿಡಿದರೆ, ಬೆರಳು ಮರಗಟ್ಟಿದಾಗ ಇಪ್ಪತ್ತಾದರೂ ಹಿಡಿಯುತ್ತದೆ ಎಂದು ಲೆಕ್ಕವಿಡಿ.

ಕಟ್ಟುವ ಜಾಗ ಸಮತಟ್ಟಾಗಿರಲಿ, ತಿರುವಿನಿಂದ ದೂರವಿರಲಿ. ಹಿಮ ಶುರುವಾದ ಮೇಲೆ ಅಲ್ಲ, ಶುರುವಾಗುವ ಮೊದಲೇ ನಿಲ್ಲಿಸಿ. ಏರಿನ ಮಧ್ಯೆ ಸಿಕ್ಕಿಕೊಂಡ ಮೇಲೆ ಕಟ್ಟಲು ಹೋಗುವುದು ಎರಡು ಪಟ್ಟು ಕಷ್ಟ, ಹಿಂದಿನವರಿಗೂ ತೊಂದರೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚೈನ್ ಕಟ್ಟದ ಚಕ್ರಕ್ಕೆ ಕಲ್ಲು ಕೊಟ್ಟು, ಹಜಾರ್ಡ್ ಲೈಟ್ ಹಾಕಿ. ಜಾಕ್ ಬೇಡವೇ ಬೇಡ. ಮಂಜುಗಡ್ಡೆಯ ಮೇಲೆ ಜಾಕ್ ಜಾರಿದರೆ ಗಾಡಿ ಕೈಮೇಲೆ ಬರುತ್ತದೆ. ಟಯರಿನ ಗಾಳಿಯನ್ನೂ ಇಳಿಸಬಾರದು.

ಬಲೆ ಮಾದರಿಯ ಚೈನಿಗೆ ಹಿಂಬದಿಯಲ್ಲಿ ಬಳುಕುವ ಸ್ಟೀಲ್ ಕೇಬಲ್ಲಿನ ಬಳೆ ಇರುತ್ತದೆ. ಮೊದಲು ಚೈನನ್ನು ಗೋಣಿಚೀಲದ ಮೇಲೆ ಹರಡಿ ಸಿಕ್ಕು ಬಿಡಿಸಿ, ಒಂದೊಂದೇ ಕೊಂಡಿ ಮುಟ್ಟಿ ತಿರುಚಿಲ್ಲವೆಂದು ನೋಡಿ. ಕೊಕ್ಕೆಗಳ ತೆರೆದ ಬಾಯಿ ಹೊರಗಡೆಗೆ, ಅಂದರೆ ಟಯರಿನಿಂದ ಆಚೆಗೆ ಇರಬೇಕು. ಒಳಗಾದರೆ ಟಯರಿನ ಪಕ್ಕವನ್ನು ಕೊರೆಯುತ್ತದೆ. ಕೇಬಲ್ಲಿನ ಒಂದು ತುದಿಯನ್ನು ಚಕ್ರದ ಹಿಂದಿನಿಂದ ತೂರಿಸಿ ಇನ್ನೊಂದು ಬದಿಯಲ್ಲಿ ಹಿಡಿದುಕೊಳ್ಳಿ. ಎರಡೂ ತುದಿಗಳನ್ನು ಟಯರಿನ ನೆತ್ತಿಗೆ ತಂದು ಒಂದಕ್ಕೊಂದು ಸಿಕ್ಕಿಸಿ, ಆಮೇಲೆ ಆ ಬಳೆಯನ್ನು ಟಯರಿನ ಹಿಂದಕ್ಕೆ ತಳ್ಳಿ. ಬಳೆ ಸುತ್ತಲೂ ಒಂದೇ ಸಮ ಕೂತಿದೆಯೇ ಎಂದು ಕೈಯಾಡಿಸಿ ನೋಡದೆ ಮುಂದೆ ಹೋಗಬೇಡಿ, ಎಡವಟ್ಟುಗಳಲ್ಲಿ ಅರ್ಧ ಇಲ್ಲೇ ಆಗುವುದು. ಈಗ ಹೊರಗಿನ ಮೇಲಿನ ಕೊಕ್ಕೆ ಹಾಕಿ, ಬಿಗಿಯುವ ಸರಪಳಿಯನ್ನು ಲಾಕಿನೊಳಗಿಂದ ಎಳೆದು, ಉಳಿದ ತುದಿಯನ್ನು ಎದುರು ಬದಿಗೆ ಒಯ್ದು ರಬ್ಬರಿನ ಕೊಕ್ಕೆಗೆ ಕಟ್ಟಿ. ಜೋತಾಡುವ ಬಾಲ ಒಂದಿಂಚೂ ಉಳಿಯಬಾರದು; ಜಿಪ್ ಟೈ ಹಾಕಿ ಬಿಗಿಯಿರಿ.

ಏಣಿ ಮಾದರಿಯನ್ನು ಟಯರಿನ ಮೇಲೆ ಹೊದಿಸಿ, ಎರಡೂ ಬದಿ ಸಮ ಮಾಡಿ, ಒಂದು ತುದಿಯನ್ನು ಟಯರಿನಡಿಗೆ ಸೇರಿಸಿ ಗಾಡಿಯನ್ನು ಕಾಲು ಸುತ್ತು ಮುಂದಕ್ಕೆ ಬಿಡಬೇಕು. ಒಳಗಿನ ಕೊಕ್ಕೆ ಮೊದಲು, ಹೊರಗಿನದು ಆಮೇಲೆ. ಇದನ್ನು ಬಿಗಿಯಾಗಿ ಹಿಡಿಯುವ ರಬ್ಬರ್ ಬಳೆ ಚಳಿಗೆ ಹರಿದರೆ ಲಾರಿ ಟ್ಯೂಬಿನ ಪಟ್ಟಿಗೆ ತಂತಿಯ ಕೊಕ್ಕೆ ಹಾಕಿ ಕೆಲಸ ಸಾಗಿಸಬಹುದು. ಎರಡು ಪಟ್ಟಿ ಕತ್ತರಿಸಿ ಡಿಕ್ಕಿಯಲ್ಲಿಟ್ಟುಕೊಳ್ಳಿ.

ಯಾವ ಮಾದರಿಯಾದರೂ ಐವತ್ತು-ನೂರು ಮೀಟರ್ ನಿಧಾನಕ್ಕೆ ಓಡಿಸಿ, ಇಳಿದು, ಮತ್ತೆ ಬಿಗಿಯಬೇಕು. ಮೊದಲ ಸುತ್ತುಗಳಲ್ಲಿ ಚೈನ್ ತನ್ನ ಜಾಗ ಹುಡುಕಿಕೊಳ್ಳುತ್ತದೆ, ಆಗ ಎರಡು-ಮೂರು ಕೊಂಡಿಯಷ್ಟು ಸಡಿಲ ಬರುತ್ತದೆ. ಈ ಎರಡನೇ ಬಿಗಿತ ಬಿಟ್ಟವರ ಗಾಡಿಯಲ್ಲೇ ಮಡ್‌ಗಾರ್ಡಿನ ಒಳಪದರ ಹರಿದುಹೋಗುವುದು. ಓಡಿಸುವಾಗ ಚಕ್ರದ ಲಯಕ್ಕೆ ಸರಿಯಾಗಿ ಟಪ್ ಟಪ್ ಎಂದರೆ ಯಾವುದೋ ತುದಿ ಬಡಿಯುತ್ತಿದೆ ಎಂದೇ ಅರ್ಥ, ಕೂಡಲೇ ನಿಲ್ಲಿಸಿ.

ಚೈನ್ ಹಾಕಿದ ಮೇಲೆ 50 ಕಿ.ಮೀ. ವೇಗ ಸಾಮಾನ್ಯವಾಗಿ ಕಂಪನಿಗಳು ಹೇಳುವ ಗರಿಷ್ಠ ಮಿತಿ. ಆ ದಾರಿಯಲ್ಲಿ 20ರಿಂದ 30 ಸಾಕು. ಹೊರಡುವಾಗ, ಚಕ್ರ ಜಾರಿ ಸುತ್ತುವುದನ್ನು ತಡೆಯುವ ಟ್ರಾಕ್ಷನ್ ಕಂಟ್ರೋಲ್ ಎಂಜಿನ್ನಿನ ದಮ್ಮು ಕಟ್ಟಿಸಿದರೆ ಅದನ್ನು ಆರಿಸಿ, ಗಾಡಿ ಕದಲಿದ ಮೇಲೆ ಮತ್ತೆ ಹಾಕಿ. ಇಳಿಯುವಾಗ ಮೊದಲ ಅಥವಾ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಬನ್ನಿ. ನೆರಳಿನ ತಿರುವು, ಸೇತುವೆ, ಝರಿಯ ನೀರು ರಸ್ತೆಗೆ ಹರಿದ ಕಡೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇರುತ್ತದೆ. ಅದರ ಮೇಲೆ ಚೈನಿನ ಹಿಡಿತವೂ ಅಷ್ಟಕ್ಕಷ್ಟೆ. ಬಿಸಿಲೇರಿದ ಮೇಲೆ ಹೋಗಿ, ಮಧ್ಯಾಹ್ನ ನಾಲ್ಕರೊಳಗೆ ಮನಾಲಿಗೆ ವಾಪಸಾಗಿ. ಹಿಮದ ಆಳ ಗಾಡಿಯ ಹೊಟ್ಟೆ ಮುಟ್ಟಿದರೆ ಚೈನ್ ಇದ್ದೂ ವ್ಯರ್ಥ. ಕ್ರೆಟಾದ ನೆಲದಂತರ 190 ಮಿ.ಮೀ., ಒಂದು ಗೇಣೂ ಇಲ್ಲ. ಹವಾಮಾನ ಇಲಾಖೆ ಕುಲ್ಲು, ಲಾಹೌಲ್‌ಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ ಹೋಟೆಲ್ಲಿನಲ್ಲೇ ಇರಿ.

ಅಟಲ್ ಸುರಂಗದ್ದು ಬೇರೆಯೇ ಪ್ರಶ್ನೆ. 9.02 ಕಿ.ಮೀ. ಉದ್ದ, ಒಳಗೆ ಹಿಮವಿಲ್ಲದ ಗಟ್ಟಿ ರಸ್ತೆ, ಒಳಗೆ ನಿಲ್ಲಿಸುವಂತಿಲ್ಲ. ಒಣ ರಸ್ತೆಯಲ್ಲಿ ಅಷ್ಟು ದೂರ ಓಡಿಸಿದರೆ ಚೈನ್ ಸವೆಯುತ್ತದೆ, ಕೊಂಡಿ ತುಂಡಾದರೆ ಬಿಚ್ಚಲು ಜಾಗವಿಲ್ಲ. ಸುರಂಗದ ಬಾಯಿಗಿಂತ ಮೊದಲೇ ಅಗಲವಾದ ಕಡೆ ಬಿಚ್ಚಿ, ಆಚೆ ಹಿಮ ಕಂಡರೆ ಮತ್ತೆ ಕಟ್ಟಿ. ಬೇಸರದ ಕೆಲಸ, ಆದರೆ ಮನೆಯಲ್ಲಿ ಅಭ್ಯಾಸ ಮಾಡಿದವರಿಗೆ ಸುಮಾರು ಒಂದು ಗಂಟೆಯ ಮಾತು.

ಚೈನಿನ ಜೊತೆ ಡಿಕ್ಕಿಯಲ್ಲಿರಬೇಕಾದದ್ದು: ಎರಡು ಗೋಣಿಚೀಲ, ಸಣ್ಣ ಸಲಿಕೆ, ತಲೆಗೆ ಕಟ್ಟುವ ಟಾರ್ಚ್, ಕಟಿಂಗ್ ಪ್ಲೇಯರ್, ಬೈಂಡಿಂಗ್ ವೈರ್, ಹತ್ತು ಜಿಪ್ ಟೈ, ಉಣ್ಣೆ ಕೈಗವಸಿನ ಮೇಲೆ ಹಾಕಲು ಪಾತ್ರೆ ತೊಳೆಯುವ ರಬ್ಬರ್ ಕೈಗವಸು. ಒದ್ದೆ ಉಣ್ಣೆಯಲ್ಲಿ ಕೊಕ್ಕೆ ಹಾಕಲು ಆಗುವುದಿಲ್ಲ.

ಹೊರಡುವ ಮೊದಲು ಊರಲ್ಲೇ ಮುಗಿಸಬೇಕಾದ ಇನ್ನೊಂದು ಕೆಲಸ ರೇಡಿಯೇಟರ್. ನಮ್ಮ ಸೆಕೆಯಲ್ಲಿ ಬರೀ ನೀರು ಸುರಿದುಕೊಂಡು ಓಡಿಸಿದರೂ ನಡೆಯುತ್ತದೆ. ಸೊನ್ನೆಗಿಂತ ಕೆಳಗೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಹುದು. ಪೂರ್ತಿ ಖಾಲಿ ಮಾಡಿಸಿ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಹಾಕಿಸಿ. ಎಥಿಲೀನ್ ಗ್ಲೈಕಾಲ್ ಆದರೆ ಸುಮಾರು ಮೈನಸ್ 35 ಡಿಗ್ರಿಯವರೆಗೆ ಚಿಂತೆಯಿಲ್ಲ. ಡೀಸೆಲ್ ಗಾಡಿಯವರು, ಚಳಿಗೆ ಮಂದವಾಗುವ ಬಯಲಿನ ಡೀಸೆಲ್ಲನ್ನು ಟ್ಯಾಂಕ್ ತುಂಬ ಹೊತ್ತೊಯ್ಯದೆ ಕುಲ್ಲು, ಮನಾಲಿಯಲ್ಲಿ ತುಂಬಿಸಿಕೊಳ್ಳಿ. ಟಯರಿನ ಗಾಳಿ ಪ್ರತಿ 5.5 ಡಿಗ್ರಿಗೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. 30 ಡಿಗ್ರಿಯ ದಾವಣಗೆರೆಯಲ್ಲಿ 33 ತುಂಬಿಸಿದ್ದು ಸೊನ್ನೆ ಡಿಗ್ರಿಯಲ್ಲಿ ಐದು ಕಳೆದುಕೊಳ್ಳುತ್ತದೆ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ತಗ್ಗುವುದರಿಂದ ಮೀಟರಿನಲ್ಲಿ ಎರಡರಷ್ಟು ಮರಳುತ್ತದೆ. ಮನಾಲಿಯಲ್ಲಿ ಬೆಳಿಗ್ಗೆ ತಣ್ಣನೆಯ ಟಯರಿನಲ್ಲಿ ಅಳೆದು ಸರಿಮಾಡಿ, ಇಳಿದು ಬರುವಾಗ ಮತ್ತೆ ನೋಡಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಒದ್ದೆ ಬ್ರೇಕ್ ಶೂ ಡ್ರಮ್ಮಿಗೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ವೈಪರ್ ಎತ್ತಿಡಿ.

ಡಾಂಬರು ಕಂಡ ಕೂಡಲೇ ಚೈನ್ ಬಿಚ್ಚಿ. ಒಂದೆರಡು ಕಿಲೋಮೀಟರ್ ತಾನೇ ಎಂದು ಹಾಗೇ ಓಡಿಸಿದವರ ಚೈನೇ ಬೇಗ ತುಂಡಾಗುವುದು. ಮನಾಲಿಗೆ ಇಳಿದ ಮೇಲೆ ಚಕ್ರದ ಹಿಂದೆ ಟಾರ್ಚ್ ಬಿಟ್ಟು ಬ್ರೇಕ್ ಹೋಸಿನ ಮೇಲೆ ಗೀರು ಬಿದ್ದಿದೆಯೇ ನೋಡಿ, ಬಿದ್ದಿದ್ದರೆ ಮಂಡಿಯ ಘಾಟಿ ಇಳಿಯುವ ಮೊದಲೇ ಬದಲಿಸಿ. ಚೈನನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆಬಟ್ಟೆಯಲ್ಲಿ ಒರೆಸಿಡಿ. ಕೊಂಡಿಯ ದಪ್ಪ ಮೂರನೇ ಒಂದರಷ್ಟು ಸವೆದಿದ್ದರೆ ಅದನ್ನು ಮುಂದಿನ ಚಳಿಗಾಲಕ್ಕೆ ಯಾರಿಗೂ ಎರವಲು ಕೊಡಬೇಡಿ, ಗುಜರಿಗೆ ಹಾಕಿ.