ಇದನ್ನೆಲ್ಲ ಬರೆದಿಟ್ಟು ಏನ್ ಮಾಡ್ತೀರಿ?

ರಾತ್ರಿ ದೀಪಕ್ಕೆ ಬಂದ ಪತಂಗಗಳನ್ನು ಎಣಿಸಿ ಬರೆದಿಡುವ ನನಗೆ, ಮೇ ಕೊನೆಯ ವಾರದಲ್ಲಿ ನಮ್ಮ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದೇ. ಪಕ್ಕದ ಮನೆಯ ವೈನಿ ನಗುತ್ತಾ ಕೇಳುತ್ತಾರೆ. ಕರೆಂಟ್ ಮೀಟರ್ ನೋಡಲು ಬರುವ ಹುಡುಗ ಬಕೆಟ್ ಕಡೆ ಅನುಮಾನದಿಂದ ನೋಡುತ್ತಾ ಕೇಳುತ್ತಾನೆ. ಅಣ್ಣನ ಮಗನದು ಮಾತ್ರ ನೇರ ಮಾತು: "ಕಾಕಾ, ಇದಕ್ಕ ರೊಕ್ಕಾ ಕೊಡ್ತಾರೇನು?"

ಇಲ್ಲಪ್ಪ, ಯಾರೂ ಕೊಡಲ್ಲ.

ನಮ್ಮ ಮನೆ ಬೆಳಗಾವಿಯಲ್ಲಿ, ಯಳ್ಳೂರು ರಸ್ತೆಯ ಕಡೆ. ಹಿತ್ತಲಲ್ಲಿ ಒಂದು ಮಾವಿನ ಗಿಡ, ಕರಿಬೇವು, ಕಣಗಿಲ, ದಾಸವಾಳ. ಗೋಡೆ ಆಚೆಗೆ ಹೊಲ. ಕತ್ತಲಾಗುತ್ತಲೇ ಹಿತ್ತಲಲ್ಲಿ ಒಂದು ಯುವಿ, ಅಂದರೆ ನೇರಳಾತೀತ ಬೆಳಕಿನ, ಟ್ಯೂಬ್ ಹಚ್ಚುತ್ತೇನೆ. ಅದರ ಕೆಳಗೆ ದೊಡ್ಡ ಬಕೆಟ್, ಬಕೆಟ್ ಬಾಯಿಗೆ ಲಾಳಿಕೆ, ಒಳಗೆ ಕಿರಾಣಿ ಅಂಗಡಿಯಿಂದ ಕೇಳಿ ತಂದ ತತ್ತಿ ಟ್ರೇಗಳು. ಬೆಳಕಿಗೆ ಬಂದ ಪತಂಗಗಳು ಒಳಗೆ ಜಾರಿ, ಟ್ರೇಯ ಗುಳಿಗಳಲ್ಲಿ ಕೂತುಬಿಡುತ್ತವೆ. ಬೆಳಿಗ್ಗೆ ಐದೂವರೆಗೆ, ಕಾಜಾಣ ಬರುವ ಮೊದಲೇ ನಾನು ಎದ್ದಿರಬೇಕು. ತಡ ಮಾಡಿದರೆ ಬಕೆಟ್ ಸುತ್ತ ಬರೀ ರೆಕ್ಕೆ ಬಿದ್ದಿರುತ್ತವೆ. ಒಂದೊಂದೇ ಟ್ರೇ ಎತ್ತಿ ಯಾವ ಪತಂಗ ಎಷ್ಟು ಅಂತ ಬರೆದುಕೊಂಡು, ಎಲ್ಲವನ್ನೂ ದಾಸವಾಳದ ಬುಡದ ನೆರಳಿಗೆ ಬಿಡುತ್ತೇನೆ. ಕೊಲ್ಲುವುದಿಲ್ಲ, ಸೂಜಿ ಚುಚ್ಚುವುದೂ ಇಲ್ಲ. ಅದನ್ನೂ ಕೇಳುವವರಿದ್ದಾರೆ, ಅದಕ್ಕೇ ಹೇಳಿದೆ.

ಮೊದಲೆಲ್ಲ ನನ್ನ ಉತ್ತರ ಭಾಳ ದೊಡ್ಡದಿರುತ್ತಿತ್ತು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ 1933ರಲ್ಲೇ ಹೀಗೆ ದೀಪ ಹಚ್ಚಿ ಲೆಕ್ಕ ಇಡಲು ಶುರು ಮಾಡಿದ್ದರು ಅನ್ನುತ್ತಿದ್ದೆ. ನಮ್ಮ ಕಾರವಾರದಲ್ಲೇ ಬೆಲ್ ಅನ್ನುವ ಅರಣ್ಯಾಧಿಕಾರಿ ಕಂಬಳಿ ಹುಳ, ಎಲೆ ಹುಳ ಎಲ್ಲ ಸಾಕಿ, ಯಾವುದು ಯಾವ ಪತಂಗವಾಗುತ್ತೆ ಅಂತ ನೋಡಿ ಬರೆದಿಟ್ಟಿದ್ದ ಅನ್ನುತ್ತಿದ್ದೆ. ಭಾರತದಲ್ಲಿ ಪಾತರಗಿತ್ತಿ ಸುಮಾರು 1,300 ಬಗೆಯಾದರೆ ಪತಂಗ 10,000ಕ್ಕೂ ಜಾಸ್ತಿ ಅಂತ ಹೇಳುವ ಹೊತ್ತಿಗೆ ಕೇಳಿದವರ ಚಹಾ ಮುಗಿದಿರುತ್ತಿತ್ತು.

ನನಗೆ ಸರಿಯಾದ ಉತ್ತರ ಸಿಕ್ಕಿದ್ದು ಹಾಲಿನ ಮಾಮಾನಿಂದ. ಅದೂ ಅವರ ಮುಂದೆ ಮುಖ ಸಣ್ಣದು ಮಾಡಿಕೊಂಡು ನಿಂತ ಮೇಲೆ.

ಹಿಂದಿನ ಸಂಜೆ ಜೋರು ಅಡ್ಡಮಳೆ, ಅಂದರೆ ಮುಂಗಾರಿಗೂ ಮೊದಲಿನ ಮಳೆ, ಬಂದಿತ್ತು. ನಮ್ಮ ಓಣಿಯ ಮರಾಠಿಯವರು ವಳವಾಚಾ ಪಾವೂಸ್ ಅನ್ನುತ್ತಾರಲ್ಲ, ಅದೇ. ಬೆಳಿಗ್ಗೆ ಟ್ರೇ ಎತ್ತಿದರೆ ಪ್ರತಿ ಗುಳಿಯಲ್ಲೂ ಬಿಳಿ ಪತಂಗ. ಬಿಳಿ ರೆಕ್ಕೆ ಮೇಲೆ ಕಂದು ಗೀರು, ಮುಂದಿನ ಅಂಚಿಗೆ ಸೀರೆಯ ಕಡ್ಡಿ ಅಂಚಿನ ಹಾಗೆ ಹಳದಿ ಗೆರೆ. ಹಾಲಿನ ಕ್ಯಾನ್ ಕೆಳಗಿಟ್ಟು ಮಾಮಾ ಬಗ್ಗಿ ನೋಡಿದರು. ಊರಲ್ಲಿ ಅವರದು ಎರಡು ಎಕರೆ ಶೇಂಗಾ.

"ಇವು ಕಂಬಳಿ ಹುಳದವು ಅಲ್ಲೇನ್ರೀ ಸರ?"

"ಹೌದು ಮಾಮಾ."

"ಹ್ವಾದ ವರ್ಷ ಯಾವಾಗ ಬಂದಿದ್ವುರೀ?"

ಖುಷಿಯಿಂದ ಒಳಗೆ ಓಡಿ ನೋಟ್‌ಬುಕ್ ತಂದೆ. ನೋಡ್ರಿ, ಕೊನೆಗೂ ಕೆಲಸಕ್ಕೆ ಬಂತು ಅಂದುಕೊಂಡು ಹಾಳೆ ತಿರುಗಿಸಿದೆ. ಹಿಂದಿನ ವರ್ಷದ ಮೇ, ಜೂನ್ ಹಾಳೆಗಳಲ್ಲಿ ಒಂದು ತಲೆಬುರುಡೆ ಪತಂಗದ ಬಗ್ಗೆಯೇ ಮುಕ್ಕಾಲು ಪುಟ ಇತ್ತು. ಅದರ ಚಿತ್ರ ಬೇರೆ. ಕಣಗಿಲದ ಹಸಿರು ಪತಂಗದ ಬಗ್ಗೆ ಅರ್ಧ ಪುಟ. ಪ್ರತಿ ಹಾಳೆಯ ಕೊನೆಗೆ ನನ್ನದೇ ಅಕ್ಷರದಲ್ಲಿ ಎರಡು ಪದ: ಉಳಿದವು ಮಾಮೂಲಿ.

ಮಾಮಾಗೆ ಬೇಕಾದದ್ದೆಲ್ಲ ಆ ಮಾಮೂಲಿಯೊಳಗೇ ಇತ್ತು.

ಈ ಕಂಬಳಿ ಹುಳದ ಕತೆ ಗೊತ್ತಿದ್ದರೆ ಅವರು ಯಾಕೆ ಕೇಳಿದರು ಅನ್ನುವುದು ತಿಳಿಯುತ್ತೆ. ಶೇಂಗಾ ತಿಂದು ಬೆಳೆದ ಹುಳ ಮಣ್ಣಿಗಿಳಿದು ಕೋಶ ಕಟ್ಟಿಕೊಳ್ಳುತ್ತೆ. ಬೇಸಿಗೆಯೆಲ್ಲ ಅಲ್ಲೇ ನಿದ್ದೆ. ಅದು ಏಳುವುದು ಮಣ್ಣು ನೆನೆದಾಗ. ಒಂದು ಒಳ್ಳೆ ಮಳೆ ಬಿದ್ದರೆ ಪತಂಗಗಳು ಒಟ್ಟಿಗೇ ಹೊರಬೀಳುತ್ತವೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತೆ. ಕೆಲವೇ ದಿನಗಳಲ್ಲಿ ಮರಿ. ದೊಡ್ಡವಾದ ಮೇಲೆ ದಂಡು ಹೊರಟ ಹಾಗೆ ಹೊಲದಿಂದ ಹೊಲಕ್ಕೆ ನಡೆಯುತ್ತವೆ. ಆ ಹೊತ್ತಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದರೂ ಅಷ್ಟಕ್ಕಷ್ಟೇ. ಹಿಂದೆ ಮೊದಲ ಮಳೆಯಾದ ಸಂಜೆ ಬದುವಿನ ಮೇಲೆ ಬೆಂಕಿ ಹಾಕುತ್ತಿದ್ದರಲ್ಲ, ಮೊಟ್ಟೆ ಇಡುವ ಮೊದಲೇ ಪತಂಗ ಬಂದು ಬೀಳಲಿ ಅಂತ. ಅದಕ್ಕೆ ಬೇಕಾದದ್ದು ತಾರೀಕು.

ಹಾಗಂತ ತಲೆಬುರುಡೆ ಪತಂಗದ ಬಗ್ಗೆ ಮುಕ್ಕಾಲು ಪುಟ ಬರೆದದ್ದು ತಪ್ಪು ಅನ್ನಲಾರೆ. ಅದನ್ನ ಕೈಯಲ್ಲಿ ಹಿಡಿದವರಿಗೆ ಗೊತ್ತು. ಹೆಬ್ಬೆರಳಿಗಿಂತ ದಪ್ಪ ಮೈ, ಬೆನ್ನ ಮೇಲೆ ತಲೆಬುರುಡೆಯಂಥ ಗುರುತು. ಮುಟ್ಟಿದ ಕೂಡಲೇ ಇಲಿಮರಿ ಹಾಗೆ ಚೀಂ ಅನ್ನುತ್ತೆ. ಬಾಯಿಯ ಗಿಡ್ಡ ನಳಿಕೆಯಿಂದ ಗಾಳಿ ಊದಿ ಬರಿಸುವ ಸದ್ದು ಅದು. ಜೇನುಗೂಡಿಗೆ ನುಗ್ಗಿ ತುಪ್ಪ ಕದ್ದು ಕುಡಿಯುವ ಹುಳ ಇದು. ಇದರ ಮರಿ ಬೆಳೆಯುವುದು ಎಳ್ಳಿನ ಗಿಡದ ಮೇಲೆ. ವೈನಿ ಮಾತ್ರ ಅದನ್ನ ನೋಡಿದ ದಿನ ನಮ್ಮ ಹಿತ್ತಲಿಗೆ ಕಾಲಿಡಲಿಲ್ಲ.

ಆ ಬೆಳಗಿನಿಂದ ‘ಮಾಮೂಲಿ’ ಅನ್ನುವ ಪದ ಬಿಟ್ಟೆ. ಈಗ ಏನೇ ಬಂದರೂ ಲೆಕ್ಕ. ಹೆಸರು ಗೊತ್ತಾಗದಿದ್ದರೆ ‘ಕಂದು, ಸಣ್ಣದು, 14’ ಅಂತ ಬರೆದು ಫೋಟೋ ತೆಗೆದಿಡುತ್ತೇನೆ. ಏನೂ ಬರದ ರಾತ್ರಿ ಸೊನ್ನೆ. ಬರೆಯಲು ಎಲ್ಲಕ್ಕಿಂತ ಬೇಜಾರು ಈ ಸೊನ್ನೆಯೇ. ಆದರೆ ನಿನ್ನೆ ಸೊನ್ನೆ ಇತ್ತು ಅಂತ ಗೊತ್ತಿದ್ದರೆ ತಾನೇ ಇವತ್ತು ಮೊದಲ ಸಲ ಬಂತು ಅನ್ನಲು ಬರುವುದು? ಖಾಲಿ ಹಾಳೆ ನೋಡಿದರೆ ಪತಂಗ ಬರಲಿಲ್ಲವೋ, ನಾನೇ ಏಳಲಿಲ್ಲವೋ ಹೇಳಲಾಗದು.

ದೀಪದ ಬಗ್ಗೆಯೂ ಬರೆಯುತ್ತೇನೆ. ಅದಕ್ಕೂ ಒಂದು ಪೆಟ್ಟು ತಿಂದಿದ್ದೇನೆ. ಮೊದಲು ಇದ್ದದ್ದು 160 ವ್ಯಾಟಿನ ಮರ್ಕ್ಯುರಿ ಬಲ್ಬು. ಅದು ಸುಟ್ಟಾಗ ಸುಮ್ನೆ ಮನೆಯಲ್ಲಿದ್ದ ಬಿಳಿ ಎಲ್ಇಡಿ ಹಾಕಿದೆ. ಪತಂಗ ಥಟ್ಟನೆ ಕಡಿಮೆಯಾದವು. ಹೊಸ ಲೇಔಟ್‌ಗಳಿಂದ ಎಲ್ಲ ಹಾಳಾಯ್ತು ಅಂತ ಒಂದು ತಿಂಗಳು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಯುವಿ ಟ್ಯೂಬ್ ತಂದು ಹಾಕಿದ ರಾತ್ರಿಯೇ ಮತ್ತೆ ಹಿಂಡು. ಪತಂಗದ ಕಣ್ಣಿಗೆ ಚೆನ್ನಾಗಿ ಕಾಣುವ ನೇರಳಾತೀತ ಬೆಳಕು ಸಾಮಾನ್ಯ ಬಿಳಿ ಎಲ್ಇಡಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುಣ್ಣಿಮೆಯಲ್ಲೂ ಲೆಕ್ಕ ಇಳಿಯುತ್ತೆ, ಗಾಳಿ ಜಾಸ್ತಿ ಇದ್ದರೂ ಇಳಿಯುತ್ತೆ. ಅವು ದೀಪದ ಮೇಲಿನ ಮೋಹಕ್ಕೆ ಬರುತ್ತವೆ ಅನ್ನುವುದೂ ಅಷ್ಟು ಸರಿಯಲ್ಲವಂತೆ. ಹಾರುವಾಗ ಬೆನ್ನನ್ನು ಬೆಳಕಿನ ಕಡೆ ತಿರುಗಿಸಿಕೊಂಡು ಮೇಲೆ ಯಾವುದು, ಕೆಳಗೆ ಯಾವುದು ಅಂತ ತಿಳಿಯುತ್ತವೆ, ಬಲ್ಬಿನ ಹತ್ತಿರ ಬಂದಾಗ ಆ ಲೆಕ್ಕ ತಪ್ಪಿ ಸುತ್ತುತ್ತಲೇ ಇರುತ್ತವೆ ಅಂತ 2024ರಲ್ಲಿ ಬಂದ ಒಂದು ಸಂಶೋಧನೆ ಹೇಳುತ್ತೆ. ನಮ್ಮ ಕವಿಗಳಿಗೆ ಬೇಜಾರಾಗಬಹುದು.

ನನ್ನ ಒಂದು ಬಕೆಟ್ ನೋಡಿ ಮಾಮಾ ಎಣ್ಣೆ ಹೊಡೆಯಲು ಹೊರಡಬಾರದು. ಅದನ್ನ ಅವರಿಗೂ ಹೇಳಿದ್ದೇನೆ. ಅವರು ಹೊಲದಲ್ಲಿ ಎಲೆ ತಿರುವಿ ನೋಡುತ್ತಾರೆ. ಯಾವಾಗಿನಿಂದ ತಿರುವಬೇಕು ಅನ್ನುವುದಕ್ಕಷ್ಟೇ ನನ್ನ ಬಕೆಟ್.

ಈ ಸಲ ಇನ್ನೂ ಅಡ್ಡಮಳೆ ಸರಿಯಾಗಿ ಬಿದ್ದಿಲ್ಲ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಕ್ಯಾನಿನ ಸದ್ದು, ಅದರ ಹಿಂದೆಯೇ ಮಾಮಾನ ದನಿ: "ಬಂದ್ವೇನ್ರೀ ಸರ?"

"ಇಲ್ಲ ಮಾಮಾ, ಇವತ್ತೂ ಸೊನ್ನಿ."

"ಬರಕೋರಿ ಮತ್ತ."