ಹಿನ್ನೀರಿನ ಮೇಲೆ ಎರಡು ನಕ್ಷೆಗಳು

ಕಾರ್ತಿಕ ಮಾಸ ಕಳೆದ ಮರುವಾರ ಬೆಂಗಳೂರಿನಿಂದ ಸಾಗರಕ್ಕೆ ಹೋಗಿ, ಅಲ್ಲಿಂದ ಸಿಗಂದೂರು, ಕೊಲ್ಲೂರುಗಳನ್ನು ನೋಡಿಕೊಂಡು ಆಗುಂಬೆಯ ಮೇಲೆ ಹಿಂತಿರುಗುವುದೆಂದು ಅಕ್ಕ, ಭಾವ ಮತ್ತು ನಾನು ನಿಶ್ಚಯಿಸಿದಾಗ, ದೇವರ ದರ್ಶನದ ಜೊತೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿತು. ಭಾವನವರ ಕಾರಿನ ಮುಂಗಾಜಿಗೆ ಹತ್ತು ವರ್ಷಗಳಿಂದ ಅಂಟಿಕೊಂಡಿರುವ ಜಿಪಿಎಸ್ ಸಾಧನಕ್ಕೆ ಹೊಸ ನಕ್ಷೆ ಕೊಡುವುದನ್ನು ತಯಾರಕರು ನಿಲ್ಲಿಸಿದ್ದರು. ಅದರ ಜಾಗಕ್ಕೆ ಹೊಸ ಸಾಧನವನ್ನೇ ಕೊಳ್ಳಬೇಕೋ, ಫೋನಿನ ಮ್ಯಾಪನ್ನೇ ನಂಬಬಹುದೋ ಎಂಬುದು ಅವರ ಪ್ರಶ್ನೆ. "ಮಾತಿನಲ್ಲಿ ಇದು ತೀರ್ಮಾನವಾಗುವುದಿಲ್ಲ, ಎರಡನ್ನೂ ಹಚ್ಚಿಕೊಂಡು ಹೋಗೋಣ, ನೀನು ಫೋನ್ ನೋಡಿಕೋ" ಎಂದರು. ಹೀಗೆ ಎಡಗಡೆ ನನ್ನ ಫೋನ್, ಬಲಗಡೆ ಅವರ ಐದಿಂಚಿನ ಸಾಧನ ದಾರಿ ತೋರಿಸುತ್ತಿರಲು, ಬೆಳಗಿನ ಜಾವ ಐದೂವರೆಗೆ ಮನೆ ಬಿಟ್ಟೆವು.

ಮೊದಲ ವ್ಯತ್ಯಾಸ ಕಾಣಲು ನೆಲಮಂಗಲದವರೆಗೂ ಹೋಗಬೇಕಾಗಲಿಲ್ಲ. ತುಮಕೂರು ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ನಾವು ಅದನ್ನು ಕಣ್ಣಾರೆ ಕಾಣುವ ಎರಡು ಕಿಲೋಮೀಟರ್ ಮೊದಲೇ ಫೋನಿನ ಪರದೆಯಲ್ಲಿ ರಸ್ತೆ ಕೆಂಪಾಯಿತು. ಸಾಧನದಲ್ಲಿ ಅದೇ ರಸ್ತೆ ಎಂದಿನ ಹಳದಿ ಬಣ್ಣದಲ್ಲಿಯೇ ಇತ್ತು. ಫೋನಿಗೆ ಆ ಸುದ್ದಿಯನ್ನು ತಿಳಿಸಿದ್ದು ಉಪಗ್ರಹಗಳಲ್ಲ. ನಮ್ಮ ಮುಂದೆ ಸಾಲಾಗಿ ನಿಂತಿದ್ದ ನೂರಾರು ಕಾರುಗಳಲ್ಲಿನ ಫೋನುಗಳು ತಾವಿರುವ ಜಾಗವನ್ನೂ ವೇಗವನ್ನೂ ಸರ್ವರಿಗೆ ಕಳಿಸುತ್ತಿರುತ್ತವೆ; ಎಲ್ಲವೂ ಒಟ್ಟಾಗಿ ನಿಧಾನವಾದರೆ ಅಲ್ಲಿ ವಾಹನ ಕಿಕ್ಕಿರಿದಿದೆ ಎಂಬ ಲೆಕ್ಕ ಹೊರಡುತ್ತದೆ. ನಮ್ಮ ಚಲನವಲನವೂ ಹಾಗೆಯೇ ಬೇರೊಬ್ಬರ ಗಣಕಕ್ಕೆ ಸೇರುತ್ತಿದೆ ಎಂಬುದನ್ನು ಅಕ್ಕ ನೆನಪಿಸಿದಳು. ಅದು ಮರೆಯಬಾರದ ಮಾತೇ. ಆದರೂ ನಿತ್ಯ ನಗರದೊಳಗೆ ಓಡಾಡುವವರಿಗೆ ಈ ಒಂದು ಅನುಕೂಲದ ಮುಂದೆ ಸಾಧನದ ಉಳಿದ ಗುಣಗಳು ನಿಲ್ಲುವುದು ಕಷ್ಟ ಎಂದು ನನಗೆ ಅಲ್ಲಿಯೇ ಅನ್ನಿಸಿತು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಭಾವನವರು ತಮ್ಮ ಸಾಧನವನ್ನು ಏಕೆ ಇಷ್ಟು ಹಚ್ಚಿಕೊಂಡಿದ್ದಾರೆಂದು ಹೇಳಿದರು. ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ಅವರು ಮಲೆನಾಡನ್ನು ಸುತ್ತಿದ ಕಾಲದಲ್ಲಿ ಘಟ್ಟದ ಊರುಗಳಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಲೇ ಇರಲಿಲ್ಲ. ಇಡೀ ದೇಶದ ನಕ್ಷೆಯನ್ನು ತನ್ನೊಳಗೇ ಇಟ್ಟುಕೊಂಡ ಪೆಟ್ಟಿಗೆ ಅವರ ಪಾಲಿಗೆ ದೊಡ್ಡ ಆಸರೆಯಾಗಿತ್ತು. ಜಿಪಿಎಸ್ ಎಂದರೆ ಇಂಟರ್‌ನೆಟ್ ಎಂದು ಬಹಳ ಮಂದಿ ತಿಳಿದಿರುತ್ತಾರೆ, ಹಾಗಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನೂ ತಮ್ಮ ಸ್ಥಾನವನ್ನೂ ಸಾರುತ್ತ ಹೋಗುತ್ತವೆ. ಕೆಳಗಿನ ಗ್ರಾಹಕ, ಅದು ಫೋನಿನಲ್ಲಿರಲಿ ಸಾಧನದಲ್ಲಿರಲಿ, ಕನಿಷ್ಠ ನಾಲ್ಕು ಉಪಗ್ರಹಗಳನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ, ಮರಳಿ ಏನನ್ನೂ ಕಳಿಸುವುದಿಲ್ಲ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರ ಬಳಕೆಯ ಸಂಕೇತದಲ್ಲಿ ಬೇಕೆಂದೇ ತಪ್ಪು ಸೇರಿಸುತ್ತಿದ್ದುದರಿಂದ ನೂರು ಮೀಟರಿನವರೆಗೂ ವ್ಯತ್ಯಾಸ ಬರುತ್ತಿತ್ತು. ಅದು ನಿಂತ ಮೇಲೆ ಕಾರಿನ ಸಾಧನಗಳು ನಿಜಕ್ಕೂ ಉಪಯೋಗಕ್ಕೆ ಬಂದವು. ಫೋನಿನಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಗೂಗಲ್ ಸೇವೆ ಅಮೆರಿಕದಲ್ಲಿ ಶುರುವಾದದ್ದು 2009ರಲ್ಲಿ. ನಡುವಿನ ಆ ಒಂಬತ್ತು ವರ್ಷ ಪೆಟ್ಟಿಗೆಗಳ ಕಾಲ.

ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿಗಳವರೆಗೆ ಎರಡೂ ಒಂದೇ ದಾರಿ ಹೇಳಿದವು, ಹೇಳುವ ಬಗೆ ಮಾತ್ರ ಬೇರೆ. ಫೋನ್ ಕನ್ನಡದಲ್ಲಿ ಮಾತಾಡುತ್ತಿತ್ತು. ಸಾಧನ ಇಂಗ್ಲಿಷಿನಲ್ಲಿ ಹೇಳುವಾಗ ಊರ ಹೆಸರುಗಳು ಗುರುತು ಸಿಗದಷ್ಟು ಮುರಿದುಹೋಗುತ್ತಿದ್ದವು. ಓದು ಕಡಿಮೆಯಿರುವ ಚಾಲಕರಿಗೆ, ವಯಸ್ಸಾದವರಿಗೆ ತಮ್ಮ ಭಾಷೆಯ ಸೂಚನೆ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಯಾರೂ ಕಡೆಗಣಿಸಬಾರದು. ಬಾಡಿಗೆ ಕಾರು ಓಡಿಸುವ ನಮ್ಮೂರಿನ ಹುಡುಗರು ಇಂದು ಅಳುಕಿಲ್ಲದೆ ಗೊತ್ತಿಲ್ಲದ ಜಿಲ್ಲೆಗಳಿಗೆ ಹೋಗುವುದರಲ್ಲಿ ಅದರ ಪಾಲು ದೊಡ್ಡದು.

ಶಿವಮೊಗ್ಗ ನಗರದ ಒಳಗೆ ಮಾತ್ರ ಸಾಧನದ ಪರವಾಗಿ ಒಂದು ಸಾಕ್ಷಿ ಸಿಕ್ಕಿತು. ವೃತ್ತವೊಂದನ್ನು ಸಮೀಪಿಸುವ ಹೊತ್ತಿಗೆ ಸರಿಯಾಗಿ ನನ್ನ ಫೋನಿಗೆ ಕರೆ ಬಂತು. ಪರದೆಯ ಮೇಲ್ಭಾಗವನ್ನು ಕರೆಯ ಪಟ್ಟಿ ಮುಚ್ಚಿತು, ಯಾವ ರಸ್ತೆ ಹಿಡಿಯಬೇಕೆಂಬ ಸೂಚನೆ ಅದರ ಕೆಳಗೆ ಮರೆಯಾಯಿತು. ಸಾಧನಕ್ಕೆ ದಾರಿ ತೋರಿಸುವುದನ್ನು ಬಿಟ್ಟು ಬೇರೆ ಕೆಲಸವೇ ಇಲ್ಲ. ನಾವು ಅದನ್ನು ನೋಡಿಯೇ ಸಾಗರ ರಸ್ತೆ ಹಿಡಿದು, ಆನಂದಪುರ ದಾಟಿ ಕತ್ತಲಾಗುವ ಮೊದಲು ನೆಂಟರ ಮನೆ ಸೇರಿದೆವು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಚಾಲನೆ ಮಾಡುವಾಗ ಫೋನನ್ನು ದಾರಿ ನೋಡಲು ಮಾತ್ರ, ಅದೂ ಗಮನ ತಪ್ಪದ ಹಾಗೆ ಬಳಸಬಹುದು. ಹಾಗಿರುವಾಗ ಕರೆಗಳನ್ನು ತಡೆಹಿಡಿದು ಹೊರಡುವುದನ್ನು ನಾವು ಮೊದಲ ದಿನವೇ ಮಾಡಬೇಕಿತ್ತು.

ಎರಡನೆಯ ದಿನದ್ದೇ ಈ ಪ್ರವಾಸದ ಮುಖ್ಯ ದಾರಿ. ಸಾಗರದಿಂದ ಆವಿನಹಳ್ಳಿಯ ಮೇಲೆ ಹೋದರೆ ಶರಾವತಿಯ ಹಿನ್ನೀರು ಸಿಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾದ ಮೇಲೆ ಆಚೆ ದಡದ ತುಮರಿ, ಬ್ಯಾಕೋಡು ಸೀಮೆಯ ಹಳ್ಳಿಗಳು ನೀರಿನಿಂದ ಸುತ್ತುವರಿದು ತಾಲ್ಲೂಕು ಕೇಂದ್ರದಿಂದ ದೂರವಾದವು. ನಾಡಿಗೆ ಬೆಳಕು ಕೊಡಲು ಮನೆ, ಗದ್ದೆ ಕಳೆದುಕೊಂಡ ಜನ ದಶಕಗಳ ಕಾಲ ಲಾಂಚನ್ನೇ ಕಾಯುತ್ತ ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಕೇಬಲ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡು ಆ ಕಾಯುವಿಕೆ ಮುಗಿಯಿತು.

ಭಾವನವರ ಸಾಧನಕ್ಕೆ ಈ ಸುದ್ದಿ ತಲುಪಿರಲಿಲ್ಲ. ಅದರ ನಕ್ಷೆಯಲ್ಲಿ ದಡದಿಂದ ದಡಕ್ಕೆ ಚುಕ್ಕೆಗೆರೆಯೊಂದು, ಅಂದರೆ ಲಾಂಚಿನ ದಾರಿ ಮಾತ್ರ ಇತ್ತು. ಸೇತುವೆಯ ರಸ್ತೆಗೆ ಏರುವ ಮೊದಲೇ ಅದು ನಮ್ಮನ್ನು ಹಳೆಯ ಲಾಂಚ್ ಕಟ್ಟೆಯ ಕಡೆಗೆ ತಿರುಗಲು ಹೇಳಿತು. ನಾವು ತಿರುಗದೆ ಮುಂದೆ ಹೋದಾಗ ಮತ್ತೆ ಮತ್ತೆ ದಾರಿಯ ಲೆಕ್ಕ ಹಾಕಿ ಹಿಂದಕ್ಕೆ ಕರೆಯಿತು. ಸೇತುವೆಯ ನಡುವೆ ಬಂದಾಗ ಪರದೆಯ ತುಂಬ ನೀಲಿ, ಅದರ ಮಧ್ಯೆ ನಮ್ಮ ಕಾರಿನ ಬಾಣ. "ಭಾವ, ನಿಮ್ಮ ನಕ್ಷೆಯ ಪ್ರಕಾರ ನಾವೀಗ ನೀರಿನ ಮಧ್ಯದಲ್ಲಿದ್ದೇವೆ" ಎಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಉಪಗ್ರಹ ಹೇಳುವುದು ಸರಿಯಾಗಿಯೇ ಇದೆ, ನಾವಿರುವುದು ಇಲ್ಲಿಯೇ. ತಪ್ಪಿರುವುದು ನಕ್ಷೆ" ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಅಂಗಡಿಯಲ್ಲಿ ಸಾಧನ ಕೊಳ್ಳುವವರು ಪರದೆಯ ಅಳತೆ, ಬ್ಯಾಟರಿ, ಬೆಲೆಗಳನ್ನು ವಿಚಾರಿಸುತ್ತಾರೆ. ಅದರ ನಕ್ಷೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಎಷ್ಟು ವರ್ಷದವರೆಗೆ ಹೊಸದಾಗಿಸುತ್ತಾರೆಂದು ಕೇಳುವವರು ಕಡಿಮೆ. ಜೀವಿತಾವಧಿಯ ನಕ್ಷೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಅಲ್ಲಿ ಹೇಳಿರುವುದು ಕೊಂಡವರ ಜೀವಿತಾವಧಿಯಲ್ಲ, ಆ ಮಾದರಿಗೆ ತಯಾರಕರು ಬೆಂಬಲ ಕೊಡುವಷ್ಟು ಕಾಲ.

ಹಿಂದಿನ ವಾರ ಫೋನಿಗೆ ಇಳಿಸಿಕೊಂಡಿದ್ದ ನಕ್ಷೆಯಲ್ಲಿ ಸೇತುವೆ ಸ್ಪಷ್ಟವಾಗಿತ್ತು. ಕಳಸವಳ್ಳಿಯ ಚಹಾದಂಗಡಿಯ ಹಿರಿಯರು, "ಸಂಜೆ ಕಡೇ ಲಾಂಚ್ ತಪ್ಪಿದ್ರೆ ರಾತ್ರಿ ಆಚೆ ದಡದಲ್ಲೇ ಕಳೀಬೇಕಿತ್ತು ಮಾರಾಯ್ರೆ. ಹೆರಿಗೆ ನೋವು ಬಂದವರನ್ನೂ ಕೂರಿಸಿಕೊಂಡು ಕಾದಿದ್ದೀವಿ" ಎಂದು ಸೇತುವೆಯ ಕಡೆಗೆ ಕೈ ತೋರಿಸಿದರು. ಅಂಥ ರಸ್ತೆಯೊಂದು ನಕ್ಷೆಯಲ್ಲಿ ಇಲ್ಲವಾದರೆ ಅದು ಬರೀ ತಾಂತ್ರಿಕ ಕೊರತೆ ಎಂದು ನನಗೆ ಅನ್ನಿಸುವುದಿಲ್ಲ. ಹೊರಗಿನಿಂದ ಬರುವ ಆಂಬುಲೆನ್ಸ್ ಚಾಲಕ ನೋಡುವುದು ಅದೇ ನಕ್ಷೆಯನ್ನು.

ಸಿಗಂದೂರು ಚೌಡೇಶ್ವರಿಯ ದರ್ಶನ ಮುಗಿಸಿ ಕೊಲ್ಲೂರಿಗೆ ಹೊರಟಾಗ ಮಧ್ಯಾಹ್ನದ ಬಿಸಿಲು ನೇರವಾಗಿ ಮುಂಗಾಜಿಗೆ ಬೀಳುತ್ತಿತ್ತು. ಫೋನ್ ಒಂದೇ ಸಮನೆ ಚಾರ್ಜ್ ಆಗುತ್ತಿತ್ತು, ದಾರಿ ತೋರಿಸುತ್ತಿತ್ತು, ನಡುವೆ ಅಕ್ಕ ಅದರಲ್ಲಿಯೇ ಹಿನ್ನೀರಿನ ವಿಡಿಯೊ ತೆಗೆದಿದ್ದಳು. ತುಮರಿ ದಾಟಿದ ಸ್ವಲ್ಪ ಹೊತ್ತಿಗೆ ಪರದೆ ಮಂಕಾಗಿ, ತಾಪ ಹೆಚ್ಚಾಗಿದೆ ಎಂಬ ಎಚ್ಚರಿಕೆ ತೋರಿಸಿ ಆರಿಹೋಯಿತು. ನೆರಳಿನಲ್ಲಿಟ್ಟು ಮತ್ತೆ ಚಾಲೂ ಮಾಡಿದರೆ ಅಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಇದ್ದಾಗ ಯಾವ ಉಪಗ್ರಹ ಎಲ್ಲಿದೆಯೆಂಬ ಮಾಹಿತಿಯನ್ನು ಫೋನ್ ಮೊಬೈಲ್ ಜಾಲದಿಂದಲೇ ಪಡೆದು ಕೆಲವೇ ಕ್ಷಣಗಳಲ್ಲಿ ಸ್ಥಾನ ಹಿಡಿಯುತ್ತದೆ. ಜಾಲವಿಲ್ಲದಿದ್ದರೆ ಅದೇ ಮಾಹಿತಿಯನ್ನು ಉಪಗ್ರಹದಿಂದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಮೂವತ್ತು ಸೆಕೆಂಡಿಗೊಮ್ಮೆ ಹೇಳುತ್ತದೆ, ಮರದ ಮರೆಯಲ್ಲಿ ಒಂದು ತುಣುಕು ತಪ್ಪಿದರೂ ಮುಂದಿನ ಸರದಿಗೆ ಕಾಯಬೇಕು. ನಮಗೆ ನಾಲ್ಕೈದು ನಿಮಿಷ ಹಿಡಿಯಿತು. ಅಷ್ಟಾದ ಮೇಲೂ ಇನ್ನೊಂದು ತೊಡಕು ಉಳಿದಿತ್ತು. ನಾನು ಇಳಿಸಿಕೊಂಡಿದ್ದ ನಕ್ಷೆಯ ಚೌಕ ಶಿವಮೊಗ್ಗ ಜಿಲ್ಲೆಯ ಅಂಚಿಗೆ ಮುಗಿಯುತ್ತಿತ್ತು. ನಾಗೋಡಿ ಘಟ್ಟವನ್ನು ಇಳಿಯತೊಡಗಿದ ಮೇಲೆ ಬಾಣದ ಸುತ್ತ ಬೂದು ಬಣ್ಣದ ಬಯಲು ಬಿಟ್ಟರೆ ಏನೂ ಇರಲಿಲ್ಲ.

ಸೇತುವೆಯ ಮೇಲೆ ದಾರಿ ತಪ್ಪಿದ್ದ ಸಾಧನ ಇಲ್ಲಿ ನಮ್ಮನ್ನು ಕಾಪಾಡಿತು. ಮೂಕಾಂಬಿಕಾ ವನ್ಯಜೀವಿ ಧಾಮದ ಕಾಡಿನೊಳಗೆ ಇಳಿಯುವ ಆ ರಸ್ತೆ ಹಳೆಯದು, ಹಾಗಾಗಿ ಹಳೆಯ ನಕ್ಷೆಯಲ್ಲಿಯೂ ಇದೆ. ಮುಂದಿನ ತಿರುವು ಎಷ್ಟು ಕಡಿದಾಗಿದೆ, ಕೊಲ್ಲೂರು ಇನ್ನೆಷ್ಟು ದೂರ ಎಂಬುದನ್ನು ಅದು ತಡವರಿಸದೆ ತೋರಿಸುತ್ತ ಹೋಯಿತು. ಅದೇ ಬಿಸಿಲಿನಲ್ಲಿ ಬೆಳಗಿನಿಂದ ಕುಳಿತಿದ್ದರೂ ಅದು ಮಂಕಾಗಲಿಲ್ಲ. ಗಾಜಿನ ಹಿಂದಿನ ಬಿಸಿಯನ್ನು ತಡೆಯುವಂತೆಯೇ ಅದನ್ನು ಮಾಡಿರುತ್ತಾರೆ. ಅದರ ಬ್ಯಾಟರಿ ಒಂದು ಗಂಟೆಯೂ ಬರುವುದಿಲ್ಲ, ಕಾರಿನ ವಿದ್ಯುತ್ತಿಗೆ ಸದಾ ಜೋಡಿಸಿರಬೇಕು. ಆದರೆ ಕಾರಿನೊಳಗೆ ಅದೊಂದು ಕೊರತೆಯೇ ಅಲ್ಲ. ಭಾವನವರು ಆಗಲೂ ಏನೂ ಹೇಳಲಿಲ್ಲ. ಕೊಲ್ಲೂರಿನ ಗೋಪುರ ಕಂಡಾಗ ಕಾರು ನಿಲ್ಲಿಸಿ, ಅಂಗವಸ್ತ್ರದ ಅಂಚಿನಿಂದ ಸಾಧನದ ಪರದೆಯ ಮೇಲಿನ ಧೂಳನ್ನು ಒರೆಸಿದರು.

ಮೂರನೆಯ ದಿನ ನಾನು ಎರಡು ಬದಲಾವಣೆ ಮಾಡಿಕೊಂಡೆ. ಫೋನಿನ ಹಿಡಿಕೆಯನ್ನು ಮುಂಗಾಜಿನಿಂದ ತೆಗೆದು ಏಸಿಯ ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದೆ. ತಂಗಾಳಿ ಫೋನಿನ ಬೆನ್ನಿಗೇ ಬಡಿಯುವುದರಿಂದ ಆ ಬಳಿಕ ಅದು ಒಮ್ಮೆಯೂ ಕಾಯಲಿಲ್ಲ. ವಸತಿಗೃಹದ ವೈಫೈನಲ್ಲಿ ಉಡುಪಿ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ನಕ್ಷೆಗಳನ್ನೂ ಇಳಿಸಿಕೊಂಡೆ. ಕುಂದಾಪುರ, ಹೆಬ್ರಿಗಳ ಮೇಲೆ ಸೋಮೇಶ್ವರಕ್ಕೆ ಬಂದು ಆಗುಂಬೆ ಘಟ್ಟದ ಹದಿನಾಲ್ಕು ತಿರುವುಗಳನ್ನು ಹತ್ತುವಾಗ ಎರಡರ ಬಾಣಗಳನ್ನೂ ಹೋಲಿಸಿ ನೋಡಿದೆವು. ಬಂಡೆಗೂ ಮರಕ್ಕೂ ಬಡಿದು ತಡವಾಗಿ ಬರುವ ಸಂಕೇತಗಳು ಗ್ರಾಹಕವನ್ನು ಏಮಾರಿಸುತ್ತವೆ; ಹಳೆಯ ಸಾಧನದ ಬಾಣ ಕೆಲವೊಮ್ಮೆ ಮೇಲಿನ ತಿರುವಿನ ರಸ್ತೆಗೆ ಹಾರಿ ಮರಳುತ್ತಿತ್ತು. ಜಿಪಿಎಸ್ ಜೊತೆಗೆ ರಷ್ಯಾ, ಯುರೋಪ್, ಚೀನಾಗಳ ಉಪಗ್ರಹಗಳನ್ನೂ ಕೇಳಿಸಿಕೊಳ್ಳುವ ನನ್ನ ಫೋನಿನ ಬಾಣ ರಸ್ತೆಯನ್ನು ಬಿಡಲಿಲ್ಲ. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಅದನ್ನು ಹಿಡಿಯುವ ಫೋನುಗಳೂ ಈಗ ಮಾರುಕಟ್ಟೆಯಲ್ಲಿವೆ.

ತೀರ್ಥಹಳ್ಳಿಯಲ್ಲಿ ಊಟಕ್ಕೆ ಕುಳಿತಾಗ ಭಾವನವರೇ ವಿಷಯ ತೆಗೆದರು. "ಹೊಸದು ಕೊಳ್ಳುವುದು ಬೇಡ ಅನ್ನಿಸುತ್ತದೆ. ಆದರೆ ನಿನ್ನ ಫೋನನ್ನು ಹೀಗೆ ಎಲ್ಲ ಕೆಲಸಕ್ಕೂ ದುಡಿಸಿದರೆ ನನಗೆ ನಂಬಿಕೆ ಬರುವುದಿಲ್ಲ." ನಾನು ಒಪ್ಪಿದೆ. ಭಾರದ ಲಾರಿ ಓಡಿಸುವವರಿಗೆ ಎತ್ತರ, ತೂಕಗಳ ಮಿತಿ ನೋಡಿ ದಾರಿ ಹೇಳುವ ವಿಶೇಷ ಸಾಧನಗಳು ಬೇಕು. ವಾರಗಟ್ಟಲೆ ಜಾಲವಿಲ್ಲದ ಕಡೆ ತಿರುಗುವವರಿಗೂ ಗಟ್ಟಿಮುಟ್ಟಾದ ಪೆಟ್ಟಿಗೆಯೇ ಸರಿ. ನಮ್ಮಂತೆ ವರ್ಷಕ್ಕೆ ನಾಲ್ಕು ಸಲ ಊರಿಗೆ, ಉಳಿದಂತೆ ನಗರದೊಳಗೆ ಓಡಾಡುವ ಕುಟುಂಬಕ್ಕೆ ಆ ಹಣ ಹಾಕುವುದು ಅಗತ್ಯವೆಂದು ನನಗೆ ತೋರಲಿಲ್ಲ. ಆಗ ಅಕ್ಕ, "ಮನೆಯ ಕಪಾಟಿನಲ್ಲಿ ನನ್ನ ಹಳೇ ಫೋನ್ ಸುಮ್ಮನೆ ಬಿದ್ದಿದೆಯಲ್ಲ, ಅದು ಬರೀ ದಾರಿ ತೋರಿಸಿಕೊಂಡಿರಲಿ" ಎಂದಳು. ಸಿಮ್ ಇಲ್ಲದಿದ್ದರೂ ಫೋನ್ ಉಪಗ್ರಹಗಳನ್ನು ಕೇಳಿಸಿಕೊಳ್ಳುತ್ತದೆ. ಕರೆ ಬಂದು ಪರದೆ ಮುಚ್ಚುವ ಭಯವಿಲ್ಲ. ನಗರ ಹತ್ತಿರವಾದಾಗ ನಮ್ಮಲ್ಲೊಬ್ಬರ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟರೆ ವಾಹನ ದಟ್ಟಣೆಯೂ ಕಾಣುತ್ತದೆ.

ಬೆಂಗಳೂರು ಸೇರಿದ ಮಾರನೆಯ ಭಾನುವಾರ ಆ ಫೋನಿನಲ್ಲಿದ್ದುದೆಲ್ಲವನ್ನೂ ಅಳಿಸಿ, ಘಟ್ಟದ ಮೇಲಿನ ಮತ್ತು ಕೆಳಗಿನ ಜಿಲ್ಲೆಗಳ ನಕ್ಷೆಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಇಳಿಸಿದೆವು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಮೊದಲ ತಾರೀಖಿನ ಮೇಲೆ ಅಕ್ಕ 'ನಕ್ಷೆ' ಎಂದು ಬರೆದಳು. ಭಾವನವರು ತಮ್ಮ ಸಾಧನವನ್ನು ಅದರ ವೈರಿನ ಸಮೇತ ಬಟ್ಟೆಯಲ್ಲಿ ಸುತ್ತಿ ಕಾರಿನ ಮುಂದಿನ ಖಾನೆಯಲ್ಲಿಟ್ಟರು. ಶಿವರಾತ್ರಿಗೆ ಮತ್ತೆ ಸಾಗರಕ್ಕೆ ಹೋಗುವುದಿದೆ, ನಾಗೋಡಿ ಘಟ್ಟದಲ್ಲಿ ಅದೂ ಜೊತೆಗಿರಲಿ ಎಂದು ಅವರ ಅಭಿಪ್ರಾಯ.