ಹೊರ್ತಿಯ ತನಕ 'ಸುನೋ'

1996ರಲ್ಲಿ 'ಸುನೋ' ಕ್ಯಾಸೆಟ್ ಬಂದಾಗ ಹಿಂದಿ ಪಾಪ್ ಹಾಡುಗಾರ ಲಕ್ಕಿ ಅಲಿಗೆ 38 ವರ್ಷ. ಹುಟ್ಟಿದ್ದು 1958ರಲ್ಲಿ. ಬಲು ಸರಳ ಲೆಕ್ಕ, ಆದರೆ ಹೈಸ್ಕೂಲು ಹುಡುಗರು ಇಂಥ ಲೆಕ್ಕ ಯಾಕೆ ಮಾಡುತ್ತಾರೆ? ಓಣಿಯಲ್ಲಿ ನಮಗಿಂತ ನಾಲ್ಕು ವರ್ಷಕ್ಕೆ ದೊಡ್ಡವನಾದ ಅಣ್ಣನೊಬ್ಬ ಹಾಡುತ್ತಿದ್ದಾನೆ ಎಂಬಂತೆ ಕೇಳಿದೆವು. ಈಗ ನಾನೇ ಆ ವಯಸ್ಸು ದಾಟಿ ಬಂದಿದ್ದೇನೆ. ಮೊನ್ನೆ ಇಡೀ ಆಲ್ಬಮ್ಮನ್ನು ಮತ್ತೆ ಕೇಳಿದಾಗ, ಇದು ಹುಡುಗರ ಹಾಡೇ ಅಲ್ಲವಲ್ಲ ಅನ್ನಿಸಿತು.

ಅಕ್ಕನ ಮಗ ಪುಣೆಯಿಂದ ರಜೆಗೆ ಬರುತ್ತಿದ್ದ. ಸೊಲ್ಲಾಪುರ ಸ್ಟೇಷನ್ನಿಗೆ ಹೋಗಿ ಕಾರಿನಲ್ಲಿ ಕರೆತಂದೆ. ವಿಜಯಪುರಕ್ಕೆ ಸುಮಾರು ನೂರು ಕಿಲೋಮೀಟರು, ಹೈವೇ ಈಗ ಹಸನಾಗಿದೆ. "ಮಾಮಾ, ನಿನ್ನ ಕಾಲದ್ದು ಯಾವುದರ ಹಚ್ಚಲಿ?" ಅಂತ ಫೋನು ಜೋಡಿಸುತ್ತ ಕೇಳಿದ. 'ಸುನೋ' ಅಂದೆ. "ಓ ಸನಮ್ ಗೊತ್ತದ ನನಗ, ಬಿಳಿ ಗಡ್ಡದ ಅಜ್ಜ ಗಿಟಾರ್ ಹಿಡಕೊಂಡು ಹಾಡ್ತಾನಲ್ಲ" ಅಂದ. 2020ರಲ್ಲಿ ಎಲ್ಲರ ಫೋನಿನಲ್ಲೂ ಹರಿದಾಡಿದ ವಿಡಿಯೊ ಅದು. ಅವನಿಗೆ ಲಕ್ಕಿ ಅಲಿ ಅಜ್ಜ, ನನಗೆ ಅಣ್ಣ.

ನಮಗೆ ಅದೇ ಹಾಡು ಬಂದಿದ್ದು ಕೇಬಲ್ ಟಿವಿಯಲ್ಲಿ, ಈಜಿಪ್ಟಿನ ಪಿರಮಿಡ್ಡುಗಳ ಜೊತೆಗೆ. ಆ ವಿಡಿಯೊ ನೋಡಿದ ಮೇಲೆ ನಮ್ಮ ಗುಂಪಿಗೆ ಒಂದು ಸತ್ಯ ಹೊಳೆಯಿತು: ಅವರಿಗೆ ಪಿರಮಿಡ್ ಇದ್ದರೆ ನಮ್ಮ ವಿಜಯಪುರದಲ್ಲಿ ಬಾರಾಕಮಾನ್ ಗೋರಿ ಇದೆ. ತಂತಿ ಹರಿದ ಗಿಟಾರು ಯಾರದೋ ಮನೆಯಿಂದ ಬಂತು. ಮೇಲೆ ಛಾವಣಿಯಿಲ್ಲದೆ, ಅರ್ಧಕ್ಕೇ ನಿಂತ ಆ ಕಮಾನುಗಳ ಕೆಳಗೆ ಒಬ್ಬೊಬ್ಬರಾಗಿ ದೂರ ದಿಟ್ಟಿಸುತ್ತ ನಡೆದೆವು. ಕ್ಯಾಮೆರಾ ಇರಲಿಲ್ಲ, ಇಲ್ಲದಿದ್ದದ್ದೇ ಪುಣ್ಯ. ಗೋಳಗುಮ್ಮಟಕ್ಕೂ ಹೋದೆವು. ಪಿಸುಗುಟ್ಟಿದ್ದೂ ಸುತ್ತಿ ಬಂದು ಎದುರಿನವನ ಕಿವಿಗೆ ಬೀಳುವ ಆ ಗ್ಯಾಲರಿಯಲ್ಲಿ ಎಂಥ ಒಡಕು ದನಿಯೂ ನಾಲ್ಕಾರು ಸಲ ಮೊಳಗಿ ಉಸ್ತಾದರದಾಗುತ್ತದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಕಾವಲಿನವರು ಕೆಳಗಿಳಿಸಿದರು.

ಮನೆಯಲ್ಲಿ ಬೇರೆಯೇ ಕಥೆ. ಟೇಪ್ ರೆಕಾರ್ಡರ್ ಅಪ್ಪನದು. ಅದರಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನ, ಭೀಮಸೇನ ಜೋಶಿಯವರ ದಾಸರ ಪದ. ಅವುಗಳ ನಡುವೆ ಲಕ್ಕಿ ಅಲಿಯನ್ನು ತೂರಿಸಿದಾಗ ಅಪ್ಪ ಪೇಪರು ಕೆಳಗಿಟ್ಟು, "ಇವಗ ದನಿನೂ ಇಲ್ಲ, ತಾಲೀಮೂ ಇಲ್ಲ. ಬಚ್ಚಲದಾಗ ನಿಂತು ಹಾಡಿದಂಗ ಹಾಡ್ತಾನ" ಅಂದರು. ನಮಗೆ ಬೇಕಾಗಿದ್ದೇ ಅದು. ಆಗಿನ ಹಿಂದಿ ಸಿನಿಮಾದ ದನಿಗಳೆಲ್ಲ ನುಣ್ಣಗೆ ಪಾಲಿಶ್ ಹೊಡೆದಂಥವು, ಅವನ್ನು ಅನುಕರಿಸಲು ಹೋದರೆ ನಗೆಪಾಟಲು. ಇವನ ಹಾಡನ್ನು ಮಾತ್ರ ನಮ್ಮ ಹರಕು ಗಂಟಲಲ್ಲೂ ಹಾಡಬಹುದಿತ್ತು.

ಭೀಮಾ ನದಿಯ ಸೇತುವೆ ದಾಟಿ ಧೂಳಖೇಡ ಹಿಂದೆ ಬೀಳುವಷ್ಟರಲ್ಲಿ ಅಪ್ಪನ ತಕರಾರು ಅರ್ಧ ಮಾತ್ರ ಸರಿ ಅಂತ ಗೊತ್ತಾಗುತ್ತಿತ್ತು. ಕಾರಿನ ಸ್ಪೀಕರಿನಲ್ಲಿ ಅಂದು ಕೇಳದ್ದೆಲ್ಲ ಕೇಳಿಸಿತು. ಸಾಲು ಸಾಲಿನ ನಡುವೆ ಎಳೆದುಕೊಂಡ ಉಸಿರು, ಮೇಲೆ ಹೋಗಬಹುದಾಗಿದ್ದ ಕಡೆ ಬೇಕೆಂದೇ ಕೆಳಗೆ ಉಳಿಯುವ ಸ್ವರ. ದನಿ ಸಣ್ಣದು ನಿಜ, ಆದರೆ ಅದರ ಅಳತೆ ಇವನಿಗೆ ಚೆನ್ನಾಗಿ ಗೊತ್ತು. ವಾದ್ಯಗಳ ಜೋಡಣೆ ಮಾಡಿದ ಮೈಕಿ ಮೆಕ್ಲಿಯರಿಗೂ ಗೊತ್ತಿತ್ತು. ನ್ಯೂಜಿಲೆಂಡಿನ ಆತ ಗಿಟಾರನ್ನು ಮುಂದಿಟ್ಟು, ದನಿಗೆ ಸುತ್ತ ಜಾಗ ಬಿಟ್ಟಿದ್ದಾನೆ. 'ಓ ಸನಮ್' ಬರೆದ ಸಯ್ಯದ್ ಅಸ್ಲಂ ನೂರ್ ಕೂಡ ಭಾರದ ಮಾತು ಹೇರಿಲ್ಲ. ನಗೆನಟ ಮೆಹಮೂದರ ಮಗ ಕುದುರೆ ಸಾಕಿ, ಕಾರ್ಪೆಟ್ ತೊಳೆಯುವ ಕೆಲಸ ಮಾಡಿ, ಅಲ್ಲಿ ಇಲ್ಲಿ ಅಲೆದು, ಇನ್ನೇನು ತಡವಾಯಿತು ಅನ್ನುವ ವಯಸ್ಸಿನಲ್ಲಿ ಮಾಡಿದ ಮೊದಲ ಆಲ್ಬಮ್ ಇದು. ಹುಡುಗಿ ಬಿಟ್ಟುಹೋದ ದುಃಖ ಅಂತ ನಾವು ಹಾಡಿಕೊಂಡಿದ್ದೆವು. ನಮ್ಮಲ್ಲಿ ಒಬ್ಬನಿಗಾದರೂ ಹುಡುಗಿ ಇದ್ದಳೇ? ಈಗ ಕೇಳಿದರೆ ಹುಡುಗಿಗಿಂತ ಹೆಚ್ಚಾಗಿ ಹೋದ ವರ್ಷಗಳೇ ಕೇಳಿಸುತ್ತವೆ.

ಝಳಕಿ ಹತ್ತಿರ ಹಾಡು ಅದಲುಬದಲಾಗುತ್ತಿದೆ ಅಂತ ಸಿಟ್ಟು ಬಂತು. ಶಫಲ್ ಆನ್ ಇತ್ತಂತೆ. "ಆಲ್ಬಮ್ಮಿಗೆ ಒಂದು ಕ್ರಮ ಇರ್ತದೋ ತಮ್ಮಾ" ಅಂದೆ. "ಕ್ಯಾಸೆಟ್ಟಿನ್ಯಾಗ ನೀವು ಓ ಸನಮ್ ಒಂದನ್ನ ರಿವೈಂಡ್ ಮಾಡಿ ಮಾಡಿ ಕೇಳ್ತಿದ್ರಿ ಅಂತ ಅಮ್ಮ ಹೇಳ್ಯಾಳ" ಅಂದ. ಅಕ್ಕ ಯಾವಾಗ ಇದನ್ನೆಲ್ಲ ಹೇಳಿಟ್ಟಿದ್ದಳೋ.

ಮೆಚ್ಚುವುದಕ್ಕೂ ಮಿತಿ ಬೇಕು. ಕೆಲವು ಹಾಡುಗಳ ಹಿಂದಿನ ಕೀಬೋರ್ಡು ಇವತ್ತಿಗೆ ಪೂರಾ ಹಳಸಿದೆ, ಎರಡು ಮೂರು ಹಾಡುಗಳು ಕ್ಯಾಸೆಟ್ ತುಂಬಲಿಕ್ಕೇ ಇದ್ದ ಹಾಗಿವೆ. ಎರಡೂ ಕಡೆ ಬಿಳಿಜೋಳದ ಹೊಲ, ನಡುನಡುವೆ ದ್ರಾಕ್ಷಿ ಚಪ್ಪರ. ಅಳಿಯ ಆಕಳಿಸಿದ. "ಮಾಮಾ, ನಾಕು ಹಾಡು ಭಾರಿ ಅದಾವ. ಉಳಿದದ್ದು ಸುಮ್ನ ಅದ" ಅಂದ. ಐದು ಅಂತ ನಾನು ಚೌಕಾಸಿ ಮಾಡಿದೆ. 'ತುಮ್ ಹೀ ಸೇ' ಸೇರಿಸಲು ಅವನು ಒಪ್ಪಲಿಲ್ಲ. ಹೊರ್ತಿಯಲ್ಲಿ ಗಾಡಿ ನಿಲ್ಲಿಸಿ, ಹಾಡು ಬಂದ್ ಮಾಡಿ, ಮಿರ್ಚಿ ಭಜಿ ತಿನ್ನುತ್ತ ಅದೇ ಜಗಳ ಮುಂದುವರಿಸಿದೆವು.